ಮೈಬಣ್ಣದ ಸಾಕ್ಷಿ

ಕನ್ನಡದಲ್ಲಿ ‘ಮಾಯು’ ಎಂಬ ಸಣ್ಣದೊಂದು ಕ್ರಿಯಾಪದವುಂಟು. ಹುಣ್ಣು ಒಣಗಿ, ಅದರ ಮೇಲೆ ಹೊಸ ತೊಗಲು ಕೂಡಿಕೊಂಡಾಗ ‘ಗಾಯ ಮಾಯಿತು’ ಎನ್ನುತ್ತೇವೆ. ರೋಗವೇ ದೇಹವನ್ನು ಬಿಟ್ಟು ತೊಲಗಿದಾಗ ‘ಗುಣವಾಯಿತು’ ಎನ್ನುತ್ತೇವೆ. ಮಾಯುವುದು ಕಣ್ಣಿಗೆ ಕಾಣುವ ಸಂಗತಿ. ಗುಣವಾಗುವುದು ಒಳಗೆ ನಡೆಯುವ ಸಂಗತಿ. ದಿನಬಳಕೆಯಲ್ಲಿ ನಾವು ಇವೆರಡನ್ನೂ ಒಂದೇ ಎಂಬಂತೆ ಆಡುತ್ತೇವೆ. ಚರ್ಮ ನಯವಾಗಿದ್ದರೆ ಆರೋಗ್ಯ, ಕಲೆಯಿದ್ದರೆ ರೋಗ ಎಂದು ಕಣ್ಣು ತಾನಾಗಿಯೇ ತೀರ್ಪು ಕೊಟ್ಟುಬಿಡುತ್ತದೆ. ಆ ತೀರ್ಪು ಎಷ್ಟು ಸಲ ತಪ್ಪಿದೆ, ಅದರಿಂದ ಎಷ್ಟು ಜನರ ಬಾಳು ಕೆಟ್ಟಿದೆ ಎಂಬುದನ್ನು ತಿಳಿಯಬೇಕಾದರೆ ಕುಷ್ಠರೋಗದ ಚರಿತ್ರೆಯನ್ನು ನೋಡಬೇಕು. ಈ ಹೊತ್ತು ಅದರ ಕೆಲವು ಪುಟಗಳನ್ನು ತಮ್ಮ ಮುಂದೆ ತೆರೆಯಬಯಸುತ್ತೇನೆ.

ಮೊದಲು ನನ್ನದೇ ಒಂದು ನೆನಪು. 1990ರ ಆಸುಪಾಸಿನಲ್ಲಿ ನಾನು ಸಣ್ಣ ಊರೊಂದರ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಅಲ್ಲಿಯ ಗ್ರಂಥಾಲಯದಲ್ಲಿ ಸಹಾಯಕರೊಬ್ಬರಿದ್ದರು. ನನಗಿಂತ ಹತ್ತು ವರ್ಷ ಹಿರಿಯರು, ಕೆಂಪನೆಯ ಮೈಬಣ್ಣದವರು, ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲವರು. ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಹೋದರೆ ಅದರ ಮುಚ್ಚಳದಲ್ಲೇ ನನಗೂ ಒಂದಿಷ್ಟು ಬಗ್ಗಿಸಿ ಕೊಡುತ್ತಿದ್ದರು. ಒಂದು ವರ್ಷ ಅವರ ಮುಖ ಮೆಲ್ಲಮೆಲ್ಲನೆ ಕಪ್ಪಿಡತೊಡಗಿತು. ಅದು ಬಿಸಿಲಿನಿಂದ ಬಂದ ಕಪ್ಪಲ್ಲ. ಒಲೆಯ ಮೇಲಿಟ್ಟ ತಾಮ್ರದ ಪಾತ್ರೆಗೆ ಹಿಡಿಯುವಂಥ, ಕೆಂಪು ಬೆರೆತ ಕಪ್ಪು. ಅಧ್ಯಾಪಕರ ಕೊಠಡಿಯಲ್ಲಿ ಪಿಸುಮಾತು ಹುಟ್ಟಿತು: ಅವರಿಗೆ ‘ದೊಡ್ಡರೋಗ’ವಂತೆ, ಈಗ ಮೈಯೆಲ್ಲ ಹರಡಿಕೊಂಡಿದೆಯಂತೆ. ಅಂದಿನಿಂದ ನಾನು ‘ಈಗಷ್ಟೇ ಕುಡಿದು ಬಂದೆ’ ಎನ್ನತೊಡಗಿದೆ. ಬೆಳಗಿನ ತರಗತಿಯಲ್ಲಿ ಶರಣರ ಸಮಾನತೆಯನ್ನು ಕುರಿತು ಪಾಠ ಹೇಳಿ ಬಂದ ಬಾಯಿಂದಲೇ ಆ ಮಾತು ಹೊರಡುತ್ತಿತ್ತು. ಆ ಕಪ್ಪಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಹೇಳುವ ಮೊದಲು ಹಳೆಯ ಕಾಲಕ್ಕೆ ಒಮ್ಮೆ ಹೋಗಿಬರೋಣ.

‘ಕುಷ್ಠ’ ಎಂಬ ಶಬ್ದಕ್ಕೆ ಇಂದು ನಾವು ಕೊಡುವ ಖಚಿತಾರ್ಥ ಪ್ರಾಚೀನರಲ್ಲಿ ಇರಲಿಲ್ಲ. ಚರಕ, ಸುಶ್ರುತ ಸಂಹಿತೆಗಳು ಕುಷ್ಠದಲ್ಲಿ ಹದಿನೆಂಟು ಬಗೆಗಳನ್ನು ಎಣಿಸುತ್ತವೆ: ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು. ನಾವು ಹುಳುಕಡ್ಡಿ, ಕಜ್ಜಿ, ಇಸಬು ಎಂದು ಕರೆಯುವ ಬೇನೆಗಳೂ ಈ ಪಟ್ಟಿಯೊಳಗೆ ಸೇರಿಕೊಂಡಿವೆ. ‘ಶ್ವಿತ್ರ’ ಎಂದು ಅವರು ಕರೆದ ತೊನ್ನು ಇದರ ಮಗ್ಗುಲಲ್ಲೇ ಇದೆ. ತೊನ್ನಿನಲ್ಲಿ ಹೋಗುವುದು ಚರ್ಮದ ಬಣ್ಣ ಮಾತ್ರ, ಸ್ಪರ್ಶಜ್ಞಾನ ಹೋಗುವುದಿಲ್ಲ, ಅದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ವೈದ್ಯರು ಇವನ್ನು ಬಿಡಿಸಿ ನೋಡಿದರೂ ಊರಿನ ಕಣ್ಣು ಬಿಡಿಸಿ ನೋಡಲಿಲ್ಲ. ತೊನ್ನಿಗೆ ‘ಶ್ವೇತಕುಷ್ಠ’ ಎಂಬ ಹೆಸರು ಅಂಟಿಕೊಂಡಿತು; ಆ ಹೆಸರಿನ ದೆಸೆಯಿಂದಲೇ ಎಷ್ಟೋ ಹೆಣ್ಣುಮಕ್ಕಳ ಮದುವೆಗಳು ಮುರಿದುಬಿದ್ದವು. ಮೈಬಣ್ಣ ಹೇಳಿದ ಸುಳ್ಳುಸಾಕ್ಷಿಗಳಲ್ಲಿ ಇದು ಮೊದಲನೆಯದು.

ಸಾಹಿತ್ಯವೂ ಈ ಸಾಕ್ಷಿಯನ್ನು ನಂಬಿತು. ಶ್ರೀಕೃಷ್ಣನ ಮಗ ಸಾಂಬನು ಶಾಪದಿಂದ ಕುಷ್ಠಪೀಡಿತನಾಗಿ, ಸೂರ್ಯನನ್ನು ಆರಾಧಿಸಿ ಮತ್ತೆ ಸುಂದರಕಾಯನಾದ ಕಥೆಯನ್ನು ಪುರಾಣಗಳು ಹೇಳುತ್ತವೆ. ಜನ್ನನ ಕಾವ್ಯದ ಮೂಲಕ ಕನ್ನಡಿಗರಿಗೆ ಆಪ್ತವಾದ ಯಶೋಧರನ ಕಥೆಯ ಜೈನ ಪರಂಪರೆಯಲ್ಲಿ, ಗಂಡನಿಗೆ ವಿಷವಿಟ್ಟ ಅಮೃತಮತಿಗೆ ಕಡೆಗೆ ಕುಷ್ಠವೇ ಶಿಕ್ಷೆಯಾಗಿ ಬರುತ್ತದೆ. ಕೆಡುವುದು ಪಾಪದ ಫಲ, ಮಾಯುವುದು ದೈವಕೃಪೆ ಎಂಬುದು ಈ ಕಥೆಗಳ ತರ್ಕ. ಕಥೆಯಾಗಿ ಇದರಲ್ಲಿ ಸ್ವಾರಸ್ಯವಿರಬಹುದು. ಆದರೆ ರೋಗದಿಂದ ನರಳುವವನ ಕಿವಿಗೆ ಇದು ‘ನೀನು ಮಾಡಿದ್ದನ್ನು ನೀನು ಉಣ್ಣುತ್ತಿದ್ದೀಯೆ’ ಎಂದೇ ಕೇಳಿಸುತ್ತದೆ.

ಹಾಗೆಂದು ನಮ್ಮ ಪ್ರಾಚೀನರು ಶಾಪದ ಮಾತಿಗೇ ನಿಂತವರಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ತುವರಕ’ ಎಂಬ ಮರದ ಪ್ರಸ್ತಾಪವಿದೆ. ಅದು ಪಶ್ಚಿಮ ಸಮುದ್ರದ ತೀರಪ್ರದೇಶದಲ್ಲಿ ಬೆಳೆಯುವ ಮರವೆಂದೂ, ಅದರ ಬೀಜದ ಎಣ್ಣೆ ಕುಷ್ಠಕ್ಕೆ ಮದ್ದೆಂದೂ ಅಲ್ಲಿ ಹೇಳಿದೆ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ, ಹೊಳೆದಂಡೆಗಳಲ್ಲಿ ಬೆಳೆಯುವ ಗರುಡಫಲದ ಮರವೇ ಈ ತುವರಕವೆಂದು ವಿದ್ವಾಂಸರು ಗುರುತಿಸಿದ್ದಾರೆ. ಇದರ ಹತ್ತಿರದ ಬಳಗಕ್ಕೆ ಸೇರಿದ ಮತ್ತೊಂದು ಮರದ ಎಣ್ಣೆ ಬಂಗಾಳ, ಬರ್ಮಾ ಕಡೆಗಳಲ್ಲಿ ‘ಚಾಲ್ಮೂಗ್ರಾ’ ಎಂಬ ಹೆಸರಿನಲ್ಲಿ ಬಳಕೆಯಲ್ಲಿತ್ತು. ಕಲ್ಕತ್ತೆಯಲ್ಲಿದ್ದ ಫ್ರೆಡರಿಕ್ ಜಾನ್ ಮೋವಟ್ ಎಂಬ ವೈದ್ಯ 1854ರಲ್ಲಿ ಅದನ್ನು ಪಾಶ್ಚಾತ್ಯ ವೈದ್ಯಲೋಕಕ್ಕೆ ಪರಿಚಯಿಸಿದ. ಕುಡಿದರೆ ವಾಂತಿ, ಹಚ್ಚಿದರೆ ಮೈಯೆಲ್ಲ ಜಿಡ್ಡು, ಸೂಜಿಯಿಂದ ಚುಚ್ಚಿದರೆ ಗಂಟುಕಟ್ಟುವ ನೋವು. ಹವಾಯಿ ದ್ವೀಪದ ಕಾಲೇಜಿನಲ್ಲಿ ಆಲಿಸ್ ಬಾಲ್ ಎಂಬ ಕರಿಯ ಜನಾಂಗದ ತರುಣಿ 1915ರ ಸುಮಾರಿಗೆ ಈ ಎಣ್ಣೆಯನ್ನು ಮೈಯೊಳಗೆ ಸುಲಭವಾಗಿ ಇಂಗುವಂತೆ ಮಾರ್ಪಡಿಸುವ ವಿಧಾನವನ್ನು ಕಂಡುಹಿಡಿದಳು. 1916ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ಅವಳು ತೀರಿಹೋದಳು. ಅವಳ ಕೆಲಸವನ್ನು ಕೆಲಕಾಲ ಬೇರೊಬ್ಬರ ಹೆಸರಿನಲ್ಲಿ ಜಗತ್ತು ಕೊಂಡಾಡಿತು.

ಸಾವಿರಾರು ರೋಗಿಗಳು ಈ ಎಣ್ಣೆಯ ಚುಚ್ಚುಮದ್ದು ತೆಗೆದುಕೊಂಡರು. ಕೆಲವರ ಮಚ್ಚೆಗಳು ಮಸುಕಾದವು, ಗಂಟುಗಳು ಕರಗಿದವು. ಕೆಲವರು ಆಸ್ಪತ್ರೆಗಳಿಂದ ಮನೆಗೂ ಮರಳಿದರು. ಆದರೆ ಎಷ್ಟೋ ಮಂದಿಯಲ್ಲಿ ಒಂದೆರಡು ವರ್ಷಗಳ ಮೇಲೆ ರೋಗ ಮತ್ತೆ ತಲೆಯೆತ್ತಿತು. ಚರ್ಮ ಮಾಯ್ದಿತ್ತು, ರೋಗ ಗುಣವಾಗಿರಲಿಲ್ಲ. ಇದು ಎರಡನೆಯ ಸುಳ್ಳುಸಾಕ್ಷಿ.

ಅಷ್ಟು ಹೊತ್ತಿಗೆ ರೋಗದ ಮೂಲ ಗೊತ್ತಾಗಿತ್ತು. ನಾರ್ವೆ ದೇಶದ ಬರ್ಗೆನ್ ನಗರದ ವೈದ್ಯ ಹ್ಯಾನ್ಸನ್ 1873ರಲ್ಲಿ ರೋಗಿಗಳ ಗಂಟುಗಳೊಳಗೆ ಕಡ್ಡಿಯಾಕಾರದ ಸೂಕ್ಷ್ಮಾಣುಗಳನ್ನು ಕಂಡ. ಶಾಪವಲ್ಲ, ಪಾಪವಲ್ಲ, ವಂಶದ ದೋಷವೂ ಅಲ್ಲ, ಇದೊಂದು ಅಣುಜೀವಿಯ ಕೆಲಸ ಎಂದು ತಿಳಿದದ್ದು ದೊಡ್ಡ ಬಿಡುಗಡೆಯಾಗಬೇಕಿತ್ತು. ಆದದ್ದು ಬೇರೆ. ಅಂಟುರೋಗವೆಂಬ ತಿಳಿವಳಿಕೆಯಿಂದ ಅಂಜಿಕೆ ಹೆಚ್ಚಿತು. ಭಾರತದಲ್ಲಿ ವಿಚಾರಣೆ ನಡೆಸಿದ 1890–91ರ ಕುಷ್ಠರೋಗ ಆಯೋಗವು ಈ ರೋಗ ಅಷ್ಟು ಸುಲಭವಾಗಿ ಅಂಟತಕ್ಕದ್ದಲ್ಲ ಎಂದೇ ವರದಿ ಮಾಡಿತು. ಆದರೂ 1898ರಲ್ಲಿ ಬ್ರಿಟಿಷ್ ಸರಕಾರ ಕುಷ್ಠರೋಗಿಗಳ ಕಾಯಿದೆಯನ್ನು ಜಾರಿಗೆ ತಂದಿತು. ಬೀದಿಯಲ್ಲಿ ಭಿಕ್ಷೆ ಬೇಡುವ, ಜೀವನೋಪಾಯವಿಲ್ಲದ ರೋಗಿಯನ್ನು ಪೋಲೀಸರು ವಾರಂಟು ಇಲ್ಲದೆ ಹಿಡಿಯಬಹುದು. ಮ್ಯಾಜಿಸ್ಟ್ರೇಟರು ಆತನನ್ನು ಆಶ್ರಯಧಾಮಕ್ಕೆ ಅಟ್ಟಬಹುದು. ಸಾರ್ವಜನಿಕ ಬಾವಿಯಿಂದ ನೀರು ಸೇದುವುದು, ತಿನ್ನುವ ಪದಾರ್ಥ ಮಾರುವುದು, ಬಾಡಿಗೆ ಬಂಡಿ ಹೊಡೆಯುವುದು ಮೊದಲಾದವನ್ನು ರೋಗಿಗಳಿಗೆ ನಿಷೇಧಿಸಲು ಅದರಲ್ಲಿ ಅವಕಾಶವಿತ್ತು. ಮೂಲ ಕಾಯಿದೆಯು ಕುಷ್ಠರೋಗಿ ಎಂದರೆ ಯಾರು ಎಂಬುದನ್ನು ನಿರ್ಧರಿಸಿದ ಬಗೆಯನ್ನು ಗಮನಿಸಬೇಕು: ಮೈಯಲ್ಲಿ ಹುಣ್ಣಾಗತೊಡಗಿದವನು ಎಂದು. ಅಂದರೆ ಕಾನೂನು ಕೂಡ ಚರ್ಮದ ಸಾಕ್ಷಿಯನ್ನೇ ಕೇಳಿತು. ಈ ವ್ಯಾಖ್ಯೆಯನ್ನು 1920ರಲ್ಲಿ ತಿದ್ದಿದರು, ಕಾಯಿದೆ ಉಳಿಯಿತು.

ಅದೇ ಕಾಲದಲ್ಲಿ ಬೇರೆ ಬಗೆಯ ಮನಸ್ಸುಗಳೂ ಇದ್ದವು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ಸೇವಾಗ್ರಾಮದಲ್ಲಿ ಗಾಂಧೀಜಿ, ಕುಷ್ಠಪೀಡಿತರಾಗಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಯವರನ್ನು ತಮ್ಮ ಕುಟೀರದ ಹತ್ತಿರವೇ ಇರಿಸಿಕೊಂಡು, ತಮ್ಮ ಕೈಯಿಂದಲೇ ಅವರ ಮೈಗೆ ಎಣ್ಣೆ ತಿಕ್ಕುತ್ತಿದ್ದರು. ಆಗ ರೋಗವನ್ನು ಬೇರುಸಹಿತ ಕೀಳುವ ಮದ್ದು ಯಾರ ಕೈಯಲ್ಲೂ ಇರಲಿಲ್ಲ. ಆದರೂ ಆ ಎಣ್ಣೆಯ ಕೈ ವ್ಯರ್ಥವಾಗಿರಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಮದ್ದು ಬಂದದ್ದು 1941ರಲ್ಲಿ. ಅಮೆರಿಕೆಯ ಲೂಸಿಯಾನಾ ರಾಜ್ಯದ ಕಾರ್ವಿಲ್ ಆಸ್ಪತ್ರೆಯಲ್ಲಿ ಗೈ ಫ್ಯಾಗೆಟ್ ಎಂಬ ವೈದ್ಯ, ಸಲ್ಫೋನ್ ವರ್ಗಕ್ಕೆ ಸೇರಿದ ಪ್ರೋಮಿನ್ ಎಂಬ ಔಷಧವನ್ನು ರೋಗಿಗಳ ರಕ್ತನಾಳಕ್ಕೆ ಕೊಟ್ಟು ನೋಡಿದ. ತಿಂಗಳುಗಳು ಕಳೆದಂತೆ ಹಳೆಯ ಹುಣ್ಣುಗಳು ಮುಚ್ಚಿಕೊಂಡವು. ಉಬ್ಬಿದ ಮುಖಗಳು ಇಳಿದವು. ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ತೆಗೆದ ಭಾವಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಬೆರಗಾದರು. ಈ ವರ್ಗದ ಮೂಲದ್ರವ್ಯ ಡ್ಯಾಪ್ಸೋನ್. ಅದನ್ನು ಜರ್ಮನಿಯಲ್ಲಿ 1908ರಲ್ಲೇ ತಯಾರಿಸಿದ್ದರು. ಮೂರು ದಶಕಗಳಿಗೂ ಹೆಚ್ಚುಕಾಲ ಅದು ಇಂಥ ರೋಗಕ್ಕೆ ಮದ್ದೆಂದು ಯಾರಿಗೂ ತಿಳಿಯದೆ ಇತ್ತು. ನಮ್ಮ ದೇಶದಲ್ಲಿ ಡಾ. ರಾಬರ್ಟ್ ಕಾಕ್ರೇನ್ ಮದರಾಸಿನ ಸಮೀಪದ ಚೆಂಗಲ್ಪಟ್ಟಿನಲ್ಲಿ 1940ರ ದಶಕದ ಉತ್ತರಾರ್ಧದಲ್ಲಿ ಅದನ್ನು ಬಳಕೆಗೆ ತಂದರು. ಅಗ್ಗದ ಮಾತ್ರೆ, ಬಡವರಿಗೂ ಎಟುಕುವಂಥದು. ಆದರೆ ವರ್ಷಗಟ್ಟಲೆ, ಕೆಲವರು ಬದುಕಿರುವ ತನಕವೂ ನುಂಗಬೇಕಾಗಿತ್ತು. ಒಂದೇ ಮದ್ದನ್ನು ಅಷ್ಟು ಕಾಲ ಎದುರಿಸಿದ ಸೂಕ್ಷ್ಮಾಣುಗಳು ಅದಕ್ಕೆ ಜಗ್ಗದಾದವು. 1964ರಲ್ಲಿ ಮಲೇಷಿಯಾದಲ್ಲಿ ಇದು ಪ್ರಯೋಗದಿಂದಲೇ ಸಿದ್ಧವಾಯಿತು.

ನನ್ನ ಗೆಳೆಯರ ಮುಖದ ಕಪ್ಪಿನ ಕಥೆ ಪ್ರಾರಂಭವಾಗುವುದು ಇಲ್ಲಿ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ವಿನ್ಸೆಂಟ್ ಬ್ಯಾರಿ ಎಂಬ ರಸಾಯನಶಾಸ್ತ್ರಜ್ಞರ ಬಳಗ ಕ್ಷಯರೋಗಕ್ಕೆ ಮದ್ದು ಹುಡುಕುತ್ತ, 1950ರ ದಶಕದಲ್ಲಿ ಕೆಂಪು ವರ್ಣದ್ರವ್ಯವೊಂದನ್ನು ತಯಾರಿಸಿತು. ಕ್ಷಯಕ್ಕೆ ಅದು ನಿರೀಕ್ಷಿಸಿದ ಫಲ ಕೊಡಲಿಲ್ಲ, ಕುಷ್ಠಕ್ಕೆ ಕೊಟ್ಟಿತು. ಅದೇ ಕ್ಲೋಫಜಿಮಿನ್. ಇದು ಗುಣದಿಂದ ಔಷಧ, ಜಾತಿಯಿಂದ ಬಣ್ಣ. ಮೈಯ ಕೊಬ್ಬಿನಲ್ಲೂ ಚರ್ಮದಲ್ಲೂ ಸಂಗ್ರಹವಾಗುತ್ತದೆ. ಹೀಗಾಗಿ ಇದನ್ನು ತೆಗೆದುಕೊಳ್ಳುವವರ ಮೈ ಕೆಲವು ತಿಂಗಳಲ್ಲಿ ಕೆಂಪಾಗಿ, ಆಮೇಲೆ ಕಂದುಗಪ್ಪಾಗುತ್ತದೆ; ಚರ್ಮ ಒಣಗಿ ಹೊಪ್ಪಳೆ ಏಳುತ್ತದೆ; ಮೊದಲು ಮಚ್ಚೆಯಿದ್ದ ಜಾಗ ಇನ್ನಷ್ಟು ಕಪ್ಪಾಗುತ್ತದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಎಂಬ ಮೂರನ್ನೂ ಒಟ್ಟಿಗೆ ಕೊಡುವ ಬಹುಔಷಧ ಚಿಕಿತ್ಸೆಯನ್ನು ಸೂಚಿಸಿತು. ಸೂಕ್ಷ್ಮಾಣುಗಳು ಹೆಚ್ಚಾಗಿದ್ದ ರೋಗಿಗಳಿಗೆ ಆಗ ಕನಿಷ್ಠ ಎರಡು ವರ್ಷ ಈ ಮೂರು ಮದ್ದುಗಳನ್ನು ಕೊಡುತ್ತಿದ್ದರು. ಮುಂದೆ ಆ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿದರು.

ಇದನ್ನೆಲ್ಲ ನಾನು ಪುಸ್ತಕದಿಂದ ತಿಳಿದವನಲ್ಲ. ಒಂದು ಜನವರಿ 30ರಂದು, ಕುಷ್ಠರೋಗ ವಿರೋಧಿ ದಿನದ ಅಂಗವಾಗಿ, ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳಿಗೆ ಉಪನ್ಯಾಸ ಮಾಡಲು ವೈದ್ಯರೊಬ್ಬರು ಬಂದಿದ್ದರು. ಅಧ್ಯಕ್ಷತೆಯ ಕುರ್ಚಿಯಲ್ಲಿ ಕುಳಿತು ನಾನು ಕೇಳಿದೆ. ಮದ್ದು ಶುರುವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇನ್ನೊಬ್ಬರಿಗೆ ರೋಗ ಅಂಟುವ ಸಂಭವ ಇಲ್ಲವಾಗುತ್ತದೆ ಎಂದರು. ಮೈ ಕಪ್ಪಾಗುವುದು ರೋಗ ಹರಡುತ್ತಿರುವುದರ ಗುರುತಲ್ಲ, ಮದ್ದು ಮೈಗೆ ಸೇರುತ್ತಿರುವುದರ ಗುರುತು ಎಂದರು. ಮದ್ದು ನಿಂತ ಮೇಲೆ ತಿಂಗಳುಗಳು ಕಳೆದಂತೆ, ಕೆಲವರಲ್ಲಿ ಒಂದೆರಡು ವರ್ಷಗಳಲ್ಲಿ, ಚರ್ಮ ತನ್ನ ಸಹಜ ಬಣ್ಣಕ್ಕೆ ಮರಳುತ್ತದೆ ಎಂದರು. ಎಷ್ಟೋ ರೋಗಿಗಳು, ಅದರಲ್ಲೂ ಹೆಂಗಸರು, ಈ ಬಣ್ಣ ತಮ್ಮ ಗುಟ್ಟನ್ನು ಊರಿಗೆಲ್ಲ ಸಾರುತ್ತದೆಂದು ಹೆದರಿ ಅರ್ಧಕ್ಕೇ ಮದ್ದು ಬಿಟ್ಟುಬಿಡುತ್ತಾರೆ ಎಂದೂ ಸೇರಿಸಿದರು. ನನಗೆ ತಲೆಯೆತ್ತಲಾಗಲಿಲ್ಲ. ತಿಳಿಬಣ್ಣದ ಮಚ್ಚೆಗಳು ಅಂಗಿಯೊಳಗಿದ್ದ ಕಾಲದಲ್ಲಿ, ಎಂದರೆ ರೋಗ ನಿಜವಾಗಿ ಇದ್ದಾಗ, ನಾನು ಆ ಗೆಳೆಯರ ಫ್ಲಾಸ್ಕಿನ ಕಾಫಿ ಕುಡಿದಿದ್ದೆ. ಅವರು ಗುಣವಾಗುತ್ತಿದ್ದಾಗ ದೂರ ಸರಿದಿದ್ದೆ. ಇದು ಮೂರನೆಯ ಸುಳ್ಳುಸಾಕ್ಷಿ. ನಂಬಿ ತೀರ್ಪು ಕೊಟ್ಟವನು ನಾನು.

ಎರಡು ವರ್ಷ ಕಳೆದ ಮೇಲೆ ಅವರ ಮುಖ ತಿಳಿಯಾಗುತ್ತ ಬಂದಿತು. ಒಂದು ದಿನ ನಾನೇ ಮಾತು ತೆಗೆದೆ. ಅವರು ನಕ್ಕು, ‘ಮೇಷ್ಟ್ರೆ, ಮುಖಕ್ಕೆ ಬಣ್ಣ ಬಂದಿದೆ ನಿಜ. ಈ ಕೈಗೆ ಮಾತ್ರ ಬಿಸಿ ತಣ್ಣಗೆ ಇನ್ನೂ ಗೊತ್ತಾಗುವುದಿಲ್ಲ’ ಎಂದು ಬಲಗೈಯ ಕಿರುಬೆರಳ ಮಗ್ಗುಲನ್ನು ತೋರಿಸಿದರು. ನೋಡಲು ಆ ಚರ್ಮ ಎಲ್ಲರ ಚರ್ಮದಂತೆಯೇ ಇತ್ತು. ಆದರೆ ಅದು ಮೂಕವಾಗಿತ್ತು.

ಚರ್ಮ ಮತ್ತೆ ಆರೋಗ್ಯವಾಗುವುದೆಂದರೆ ಬಣ್ಣ ಮರಳುವುದಷ್ಟೇ ಅಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಕುಷ್ಠದ ಸೂಕ್ಷ್ಮಾಣು ಚರ್ಮಕ್ಕಿಂತ ಮಿಗಿಲಾಗಿ ನರಗಳನ್ನು ಕೆಡಿಸುತ್ತದೆ. ಮದ್ದು ಸೂಕ್ಷ್ಮಾಣುವನ್ನು ಕೊಲ್ಲುತ್ತದೆ. ಬಹುಕಾಲದಿಂದ ಸತ್ತ ನರವನ್ನು ಬದುಕಿಸಲಾರದು. ನರ ಸತ್ತ ಕಡೆ ಬೆವರಿಲ್ಲ, ಜಿಡ್ಡಿಲ್ಲ. ಚರ್ಮ ಬೇಸಗೆಯ ಕೆರೆಯಂಗಳದಂತೆ ಒಣಗಿ ಬಿರಿಯುತ್ತದೆ. ಬಿರುಕಿನಲ್ಲಿ ಕೀವು ಸೇರಿದರೂ ನೋವಿಲ್ಲದ ಕಾರಣ ಗೊತ್ತಾಗುವುದಿಲ್ಲ. ಕೈಬೆರಳು ಕಾಲ್ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುತ್ತವೆ ಎಂದು ಲೋಕ ಬಹುಕಾಲ ನಂಬಿತ್ತು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅದು ಹಾಗಲ್ಲವೆಂದು ತೋರಿಸಿಕೊಟ್ಟರು. ಬಿಸಿ ಪಾತ್ರೆ, ಕಿತ್ತುಹೋದ ಚಪ್ಪಲಿಯ ಮೊಳೆ, ಬಿಗಿಯಾದ ಬೀಗದ ಕೈ: ನೋವು ತಿಳಿಯದವನಿಗೆ ಇವೇ ಶತ್ರುಗಳು. ರಾತ್ರಿ ನಿದ್ರೆಯಲ್ಲಿ ಇಲಿ ಬಂದು ಬೆರಳು ಕಡಿದರೂ ಕೆಲವರಿಗೆ ಎಚ್ಚರವಾಗುತ್ತಿರಲಿಲ್ಲವಂತೆ. ಮನೆಗೆ ಹೊರಟ ರೋಗಿಗಳ ಜೊತೆಗೆ ಒಂದೊಂದು ಬೆಕ್ಕನ್ನು ಕಳಿಸಿಕೊಡುವ ಏರ್ಪಾಡನ್ನು ಅವರು ಮಾಡಿದರು. ಮಡಿಸಿಕೊಂಡ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ಮತ್ತೆ ಬಿಡಿಸಿದರು. ಹೀಗೆ ಕೈ ಸರಿಯಾದವರು ಕೆಲಸ ಕೇಳಿ ಹೋದಾಗ, ಉದುರಿದ ಹುಬ್ಬನ್ನು, ಕುಸಿದ ಮೂಗನ್ನು ನೋಡಿಯೇ ಜನ ಬಾಗಿಲು ಹಾಕಿಕೊಂಡರು. ಆಗ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ನೆತ್ತಿಯ ಚರ್ಮದಿಂದ ಹುಬ್ಬನ್ನೂ ಕಟ್ಟಿಕೊಡಬೇಕಾಯಿತು. ಆ ಹುಬ್ಬು ರೋಗಿಗೆ ಬೇಕಾಗಿದ್ದುದಕ್ಕಿಂತ ನೋಡುವವರ ಕಣ್ಣಿಗೆ ಬೇಕಾಗಿತ್ತು.

ಮೂಕವಾದ ಚರ್ಮಕ್ಕೆ ವೈದ್ಯರು ಹೇಳುವ ಉಪಚಾರ ಬಹು ಸರಳ. ದಿನವೂ ಕೈಕಾಲುಗಳನ್ನು ಸುಮಾರು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಬೇಕು. ಒರಟಾದ ಜಾಗವನ್ನು ಮೆಲ್ಲಗೆ ಉಜ್ಜಬೇಕು. ತೇವ ಆರುವ ಮೊದಲೇ ಎಣ್ಣೆ ಹಚ್ಚಬೇಕು. ಗಾಯವಾಗಿದೆಯೇ ಎಂದು ಕಣ್ಣಿನಿಂದ ಹುಡುಕಬೇಕು. ಸೇವಾಗ್ರಾಮದ ಎಣ್ಣೆಯ ಕೈ ವ್ಯರ್ಥವಲ್ಲವೆಂದು ಹೇಳಿದ್ದು ಇದಕ್ಕೇ. ಆ ಎಣ್ಣೆ ಸೂಕ್ಷ್ಮಾಣುವನ್ನು ಕೊಲ್ಲುವುದಿಲ್ಲ, ಚರ್ಮವನ್ನು ಕಾಪಾಡುತ್ತದೆ. ಮುಟ್ಟಿದ ಕೈ ಮನುಷ್ಯನನ್ನೂ ಕಾಪಾಡಿತು.

ಬಹುಔಷಧ ಚಿಕಿತ್ಸೆಯ ಫಲ ದೊಡ್ಡದು. 1983ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ ಆರಂಭವಾದಾಗ ನಮ್ಮ ದೇಶದ ಪ್ರತಿ 10,000 ಜನರಲ್ಲಿ 57ಕ್ಕೂ ಹೆಚ್ಚು ರೋಗಿಗಳಿದ್ದರು. 2005ರ ಡಿಸೆಂಬರ್ ಹೊತ್ತಿಗೆ ಅದು ಒಂದಕ್ಕಿಂತ ಕೆಳಗಿಳಿಯಿತು. ಆದರೆ ರೋಗ ಇಲ್ಲವಾಗಿಲ್ಲ. ಜಗತ್ತಿನಲ್ಲಿ ವರ್ಷವರ್ಷವೂ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ಸೂಕ್ಷ್ಮಾಣು ಹೊಕ್ಕು ಮಚ್ಚೆ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುವುದರಿಂದ ಎಚ್ಚರ ತಪ್ಪುವಂತಿಲ್ಲ. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಮದ್ದು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮದ್ದಿಗಿಂತ ನಿಧಾನವಾಗಿ ನಡೆದದ್ದು ಕಾನೂನು. 1898ರ ಕಾಯಿದೆ ಸಂಪೂರ್ಣವಾಗಿ ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠವಿದೆ ಎಂಬುದು ವಿವಾಹ ವಿಚ್ಛೇದನಕ್ಕೆ ಸಾಕಾದ ಕಾರಣವೆಂಬ ಮಾತು ಕಾನೂನು ಪುಸ್ತಕಗಳಿಂದ ಅಳಿಸಿಹೋದದ್ದು 2019ರಲ್ಲಿ. ರೋಗಕ್ಕೆ ಪೂರ್ಣ ಚಿಕಿತ್ಸೆ ದೊರಕಿ ಮೂವತ್ತೈದಕ್ಕೂ ಹೆಚ್ಚು ವರ್ಷಗಳಾದ ಮೇಲೆ! ಕಾನೂನಿಗಿಂತಲೂ ನಿಧಾನವಾಗಿ ನಡೆಯುವುದು ನಮ್ಮ ಕಣ್ಣು.

ಆ ಗೆಳೆಯರು ನಿವೃತ್ತರಾಗುವವರೆಗೂ ನಾವಿಬ್ಬರೂ ಅದೇ ಕಾಲೇಜಿನಲ್ಲಿದ್ದೆವು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಮತ್ತೆ ಗ್ರಂಥಾಲಯಕ್ಕೆ ಹೋಗಲು ಶುರುಮಾಡಿದೆ. ಪುಸ್ತಕಗಳ ವಿಷಯ ಮಾತಾಡುತ್ತಿದ್ದೆವು. ಅವರು ನನ್ನ ಮೇಲೆ ಮುನಿಸಿಕೊಂಡವರಂತೆ ಎಂದೂ ಕಾಣಲಿಲ್ಲ. ಆದರೆ ಅವರ ಮೇಜಿನ ಮೇಲೆ ಫ್ಲಾಸ್ಕು ಮತ್ತೆ ಕಾಣಿಸಲಿಲ್ಲ. ನಾನು ಕುಡಿಯಲು ಸಿದ್ಧನಾದ ಹೊತ್ತಿಗೆ ಅವರು ಕಾಫಿ ತರುವುದನ್ನೇ ಬಿಟ್ಟಿದ್ದರು. ತಾವಾಗಿ ಕೇಳುವ ಧೈರ್ಯ ನನಗೂ ಬರಲಿಲ್ಲ.

ಅವರ ಮೈ ಮಾಯ್ದಿತ್ತು, ರೋಗವೂ ಗುಣವಾಗಿತ್ತು. ಗುಣವಾಗಬೇಕಾದದ್ದು ಇನ್ನೊಂದು ಕಡೆ ಉಳಿದುಕೊಂಡಿತ್ತು. ಕೇಳುಗರೆ, ದೀರ್ಘ ಚಿಕಿತ್ಸೆ ಮುಗಿಸಿ ಬಂದವರ ಮುಖದಲ್ಲಿ ಬಣ್ಣದ ವ್ಯತ್ಯಾಸ ಕಂಡಾಗ, ಯಾವ ರೋಗವೇ ಇರಲಿ, ಅದು ಮದ್ದಿನ ಬಣ್ಣವೂ ಇರಬಹುದು ಎಂದು ಒಂದು ಗಳಿಗೆ ನೆನೆಯಿರಿ. ಅವರು ಲೋಟ ಮುಂದೆ ಚಾಚಿದರೆ ಕೈನೀಡಿ ತೆಗೆದುಕೊಳ್ಳಿರಿ.